‘ಎನ್‌ಗ್ರೋಸ್’: ಗಮನವನ್ನು ಸಗಟಾಗಿ ಕೊಳ್ಳುವ ಕ್ರಿಯಾಪದವನ್ನು ತಪ್ಪಿಲ್ಲದೆ ಬಳಸುವುದು ಹೇಗೆ

ಕೋಲಾರದ ಎಪಿಎಂಸಿ ಯಾರ್ಡಿನಲ್ಲಿ ಟೊಮೆಟೊ ಹರಾಜು ನೋಡಿದವರಿಗೆ ಈ ಪದ ಬೇಗ ಹತ್ತುತ್ತದೆ. 15 ಕೆ.ಜಿ.ಯ ಬಾಕ್ಸುಗಳನ್ನು ಒಂದರ ಮೇಲೊಂದು ಪೇರಿಸಿರುತ್ತಾರೆ. ಕೂಗು ಏರುತ್ತಾ ಹೋಗಿ ಒಂದು ದರಕ್ಕೆ ನಿಲ್ಲುತ್ತದೆ. ನಿಂತ ಮೇಲೆ ಆ ಲಾಟ್ ಪೂರ್ತಿ ಒಬ್ಬನದು. ಪಕ್ಕದಲ್ಲೇ ನಿಂತು ಸ್ವಲ್ಪ ಕಡಿಮೆ ಕೂಗಿದವನಿಗೆ ಅದರಲ್ಲಿ ಒಂದು ಹಣ್ಣೂ ಸಿಗುವುದಿಲ್ಲ. ಇಂಗ್ಲಿಷಿನ ‘ಎನ್‌ಗ್ರೋಸ್’ ಹುಟ್ಟಿದ್ದು ಇಂಥ ಸಗಟು ಖರೀದಿಯಿಂದಲೇ.

ಫ್ರೆಂಚ್ ಭಾಷೆಯಲ್ಲಿ ‘ಆನ್ ಗ್ರೋ’ ಅಂದರೆ ಸಗಟಾಗಿ. ಅದೇ ಬೇರಿನಿಂದ ಬಂದ ‘ಗ್ರೋಸರ್’ ಎಂಬವನು ಮೊದಲು ಸಗಟು ವ್ಯಾಪಾರಿಯಾಗಿದ್ದ, ಕಿರಾಣಿ ಅಂಗಡಿಯವನಾಗಿದ್ದು ಆಮೇಲೆ. 144 ಗುಂಡಿಗೋ ಪೆನ್ಸಿಲಿಗೋ ಹೇಳುವ ‘ಗ್ರೋಸ್’ ಎಂಬ ಲೆಕ್ಕವೂ ಇದೇ ಕುಟುಂಬದ್ದು. ಮಾರುಕಟ್ಟೆಗೆ ಬಂದ ಕಾಳನ್ನೆಲ್ಲ ಒಬ್ಬನೇ ಕೊಂಡು, ಕೂಡಿಟ್ಟು, ಬೆಲೆ ಏರಿಸಿ ಮಾರುವುದಕ್ಕೆ ಇಂಗ್ಲೆಂಡಿನಲ್ಲಿ ‘ಎನ್‌ಗ್ರೋಸಿಂಗ್’ ಎನ್ನುತ್ತಿದ್ದರು. 1552ರ ಕಾಯ್ದೆಯೊಂದು ಅದಕ್ಕೆ ಶಿಕ್ಷೆ ಗೊತ್ತುಮಾಡಿತ್ತು. ಆ ಕಾಯ್ದೆ 1772ರಲ್ಲಿ ರದ್ದಾಯಿತು. ಹಳೆಯ ವಾಡಿಕೆ ಕಾನೂನಿನಲ್ಲಿ ಅಪರಾಧವಾಗಿ ಉಳಿದಿದ್ದನ್ನೂ 1844ರಲ್ಲಿ ತೆಗೆದುಹಾಕಿದರು. ಮಂಡಿಯ ಅರ್ಥ ಹೀಗೆ ಸವೆದುಹೋಗಿ ಮನಸ್ಸಿನ ಅರ್ಥ ಉಳಿದುಕೊಂಡಿತು: ಒಂದು ವಿಷಯ ಬಂದು ನಿಮ್ಮ ಗಮನವನ್ನೆಲ್ಲ ಲಾಟ್ ಲೆಕ್ಕದಲ್ಲಿ ಕೊಂಡುಕೊಂಡುಬಿಡುತ್ತದೆ, ಬೇರೆಯವರಿಗೆ ಒಂದಿಷ್ಟೂ ಮಿಗುವುದಿಲ್ಲ.

ಈ ಚಿತ್ರ ತಲೆಯಲ್ಲಿ ಗಟ್ಟಿಯಾಗಿ ಕೂತರೆ ಮುಂದಿನ ವ್ಯಾಕರಣದ ಮುಕ್ಕಾಲು ಪಾಲು ಕೆಲಸ ಮುಗಿದಂತೆ.

ಕೊಳ್ಳುವವರು ಯಾರು, ಹೋಗುವುದು ಯಾರದು

ಕನ್ನಡದಲ್ಲಿ ‘ನಾನು ಪುಸ್ತಕದಲ್ಲಿ ಮಗ್ನನಾದೆ’ ಎನ್ನುತ್ತೇವೆ. ಕೆಲಸ ಮಾಡಿದವನು ನಾನು, ಪುಸ್ತಕ ಸುಮ್ಮನೆ ಬಿದ್ದಿರುವ ಜಾಗ. ಇಂಗ್ಲಿಷಿನ ಈ ಕ್ರಿಯಾಪದದಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ಕೊಳ್ಳುವುದು ಪುಸ್ತಕ, ಹೋಗುವುದು ನನ್ನ ಗಮನ. ‘ದ ಬುಕ್ ಎನ್‌ಗ್ರೋಸ್ಟ್ ಮಿ.’ ಪುಸ್ತಕ ಕರ್ತೃ, ನಾನು ಕರ್ಮ. ಇದಕ್ಕೆ ಹತ್ತಿರದ ಕನ್ನಡ ‘ಪುಸ್ತಕ ನನ್ನನ್ನು ಹಿಡಿದಿಟ್ಟಿತು’, ‘ಕಥೆ ನನ್ನನ್ನು ಸೆಳೆದುಕೊಂಡಿತು’. ನಿಘಂಟಿನಲ್ಲಿ ‘ಮಗ್ನನಾಗು’ ಎಂದು ಓದಿಕೊಂಡು ಹೊರಟರೆ ಎಡವುವುದು ಇಲ್ಲೇ. ‘ಹಿಡಿದಿಡು’ ಎಂದು ಓದಿಕೊಂಡು ಹೊರಟವರು ಎಡವುವುದಿಲ್ಲ. ನೋಟ್‌ಬುಕ್ಕಿನಲ್ಲಿ ಅರ್ಥ ಬರೆದುಕೊಳ್ಳುವಾಗಲೇ ಇದನ್ನು ತಿದ್ದಿ ಬರೆದುಕೊಳ್ಳಿ.

ವಾಕ್ಯದ ಕರ್ತೃವಾಗಿ ‘ನಾನು’ ಬೇಕೇಬೇಕು ಅನ್ನಿಸಿದರೆ, ಲಾಟ್ ಮಾರಾಟವಾಗಿಹೋಗಿದೆ ಎನ್ನುವ ಹಾಗೆ ಹೇಳಬೇಕು: ‘ಐ ವಾಸ್ ಎನ್‌ಗ್ರೋಸ್ಟ್ ಇನ್ ದ ಬುಕ್.’ ದಿನಬಳಕೆಯಲ್ಲಿ ಹೆಚ್ಚು ಕೇಳಿಬರುವ ರೂಪ ಇದೇ. ಇಲ್ಲಿ ‘ವಾಸ್’ ಬಿಟ್ಟುಹೋಗುವುದು ನಮ್ಮ ಕಡೆಯ ಅತಿ ಸಾಮಾನ್ಯ ತಪ್ಪು. ‘ಐ ಎನ್‌ಗ್ರೋಸ್ಟ್ ಇನ್ ದ ಬುಕ್’ ಎಂದು ಬರೆಯುತ್ತಾರೆ. ಕಾರಣ ಸರಳ. ‘ಮಗ್ನನಾದೆ’ಯಲ್ಲಿ ‘ಆದೆ’ ಒಳಗೇ ಸೇರಿಕೊಂಡಿದೆ, ಇಂಗ್ಲಿಷಿನಲ್ಲಿ ಅದನ್ನು ಬೇರೆಯಾಗಿ ತಂದು ಇಡಬೇಕು. ಆ ‘ಆಗು’ವನ್ನೇ ಅಳತೆಗೋಲಾಗಿ ಬಳಸಿ. ‘ಮಗ್ನನಾಗಿದ್ದೆ’ ಎಂಬ ಸ್ಥಿತಿಗೆ ‘ವಾಸ್ ಎನ್‌ಗ್ರೋಸ್ಟ್’. ‘ಮಗ್ನನಾದೆ’, ‘ಮಗ್ನನಾಗಿಬಿಟ್ಟೆ’ ಎಂಬ ಬದಲಾವಣೆಗೆ ‘ಗಾಟ್ ಎನ್‌ಗ್ರೋಸ್ಟ್’ ಅಥವಾ ಸ್ವಲ್ಪ ಗಂಭೀರವಾಗಿ ‘ಬಿಕೇಮ್ ಎನ್‌ಗ್ರೋಸ್ಟ್’. ‘ಮಗ್ನಳಾಗಿದ್ದಾಳೆ’ಗೆ ‘ಈಸ್ ಎನ್‌ಗ್ರೋಸ್ಟ್’.

ಇನ್ನೊಂದು ತಪ್ಪು ಇದಕ್ಕಿಂತ ಎದ್ದು ಕಾಣುತ್ತದೆ: ‘ಐ ಆಮ್ ಎನ್‌ಗ್ರೋಸಿಂಗ್ ಇನ್ ಮೈ ಸ್ಟಡೀಸ್.’ ಓದುತ್ತಿದ್ದೇನೆ, ಬರೆಯುತ್ತಿದ್ದೇನೆ ಎನ್ನುವ ಹಾಗೆ ‘ಮಗ್ನನಾಗುತ್ತಿದ್ದೇನೆ’ ಎಂದುಕೊಂಡು ‘ಇಂಗ್’ ಹಚ್ಚುವುದರಿಂದ ಇದು ಹುಟ್ಟುತ್ತದೆ. ‘ಎನ್‌ಗ್ರೋಸಿಂಗ್’ ಎಂಬ ಗುಣವಾಚಕ ಹಿಡಿದಿಡುವ ವಸ್ತುವಿನದು: ‘ಆನ್ ಎನ್‌ಗ್ರೋಸಿಂಗ್ ಸ್ಟೋರಿ’, ‘ದ ಮ್ಯಾಚ್ ವಾಸ್ ಎನ್‌ಗ್ರೋಸಿಂಗ್’. ‘ಎನ್‌ಗ್ರೋಸ್ಟ್’ ಸಿಕ್ಕಿಬಿದ್ದ ಮನುಷ್ಯನದು. ‘ಬೋರಿಂಗ್’ ಮತ್ತು ‘ಬೋರ್ಡ್’ ನಡುವೆ ಇರುವ ವ್ಯತ್ಯಾಸವೇ ಇಲ್ಲೂ ಇದೆ. ‘ಐ ಆಮ್ ಬೋರಿಂಗ್’ ಎಂದರೆ ‘ನಾನು ಬೇರೆಯವರಿಗೆ ಬೇಸರ ತರಿಸುವವನು’ ಎಂದಾಗುತ್ತದಲ್ಲ, ‘ಐ ಆಮ್ ಎನ್‌ಗ್ರೋಸಿಂಗ್’ ಎಂದರೂ ‘ನಾನು ಬಹಳ ಆಕರ್ಷಕ ವ್ಯಕ್ತಿ’ ಎಂದೇ ಕೇಳಿಸುತ್ತದೆ. ಸಂದರ್ಶನದಲ್ಲಿ ಇದು ದುಬಾರಿಯಾಗುವ ತಪ್ಪು.

‘ಮಾಡಿತು’ ಹಚ್ಚುವ ಅಗತ್ಯವೂ ಇಲ್ಲ. ‘ದ ಸ್ಟೋರಿ ಮೇಡ್ ಮಿ ಎನ್‌ಗ್ರೋಸ್ಟ್’ ಎಂದು ಎಳೆದು ಹೇಳುವವರಿದ್ದಾರೆ. ಹಿಡಿದಿಡುವ ಕೆಲಸ ಕ್ರಿಯಾಪದದೊಳಗೇ ಇದೆ. ‘ದ ಸ್ಟೋರಿ ಎನ್‌ಗ್ರೋಸ್ಟ್ ಮಿ’ ಸಾಕು. ಹೊತ್ತು ಮುಖ್ಯವಾದಾಗ ಮಾತ್ರ ‘ಕೆಪ್ಟ್’ ಸೇರಿಸಿ. ಗುಬ್ಬಿ ನಾಟಕ ಕಂಪನಿ 1884ರಲ್ಲಿ ಹುಟ್ಟಿದ ತುಮಕೂರು ಸೀಮೆಯಲ್ಲಿ ಊರಹಬ್ಬದ ಪೌರಾಣಿಕ ನಾಟಕ ಬೆಳಗಿನ ಜಾವದವರೆಗೂ ನಡೆಯುವುದುಂಟು. ಅದನ್ನು ಹೇಳಲು ಇದಕ್ಕಿಂತ ಒಳ್ಳೆಯ ಅಚ್ಚು ಬೇಕಿಲ್ಲ: ‘ದ ಪ್ಲೇ ಕೆಪ್ಟ್ ದ ವಿಲೇಜ್ ಎನ್‌ಗ್ರೋಸ್ಟ್ ಟಿಲ್ ಡಾನ್.’

‘ಅಲ್ಲಿ’ ಇದ್ದರೆ ‘ಇನ್’

‘ಎನ್‌ಗ್ರೋಸ್ಟ್’ ಆದ ಮೇಲೆ ಬರುವುದು ‘ಇನ್’. ಕನ್ನಡದ ಸಪ್ತಮಿ ವಿಭಕ್ತಿ ಇಲ್ಲಿ ಸರಿಯಾಗಿ ದಾರಿ ತೋರಿಸುತ್ತದೆ: ಕೆಲಸದಲ್ಲಿ, ಮಾತಿನಲ್ಲಿ, ಫೋನಿನಲ್ಲಿ. ‘ಎನ್‌ಗ್ರೋಸ್ಟ್ ಇನ್ ಹರ್ ವರ್ಕ್’, ‘ಎನ್‌ಗ್ರೋಸ್ಟ್ ಇನ್ ಕಾನ್ವರ್ಸೇಷನ್’, ‘ಎನ್‌ಗ್ರೋಸ್ಟ್ ಇನ್ ಹಿಸ್ ಫೋನ್’. ‘ಆನ್’ ಮತ್ತು ‘ಆಟ್’ ತಪ್ಪು. ‘ಬೈ’ ಆಗಾಗ ಬರುತ್ತದೆ. ಹಿಡಿದಿಟ್ಟಿದ್ದು ಯಾವುದು ಎಂಬುದಕ್ಕೆ ಒತ್ತು ಬೇಕಾದಾಗ ಅದು ಸರಿ. ಗೊಂದಲವಿದ್ದರೆ ‘ಇನ್’ ಬಳಸಿ, ಕೆಡುವುದಿಲ್ಲ.

‘ಇನ್’ ಮುಂದೆ ಕ್ರಿಯಾಪದ ಬಂದರೆ ಅದಕ್ಕೆ ‘ಇಂಗ್’ ಸೇರಬೇಕು: ‘ಎನ್‌ಗ್ರೋಸ್ಟ್ ಇನ್ ರೀಡಿಂಗ್’. ‘ಎನ್‌ಗ್ರೋಸ್ಟ್ ಟು ರೀಡ್’ ಎಂಬುದು ಎಲ್ಲೂ ಇಲ್ಲ. ಇದಕ್ಕೂ ಕನ್ನಡವೇ ಗುರುತು ಕೊಡುತ್ತದೆ. ‘ಓದಲು ಮಗ್ನನಾಗಿದ್ದೆ’ ಎಂದು ನಾವು ಹೇಳುತ್ತೇವೆಯೇ? ‘ಓದುವುದರಲ್ಲಿ’ ಎನ್ನುತ್ತೇವೆ. ಆ ‘ವುದು’ ಇಂಗ್ಲಿಷಿನ ‘ಇಂಗ್’, ಆ ‘ಅಲ್ಲಿ’ ಇಂಗ್ಲಿಷಿನ ‘ಇನ್’.

ಆದರೆ ಈ ‘ಅಲ್ಲಿ’ಯನ್ನು ಕಣ್ಣುಮುಚ್ಚಿ ನಂಬಬೇಡಿ. ‘ಕೆಲಸದಲ್ಲಿ ಬಿಜಿ’ ಎನ್ನುವುದನ್ನು ‘ಬಿಜಿ ಇನ್ ವರ್ಕ್’ ಎಂದು ತಿರುಗಿಸಿದರೆ ತಪ್ಪಾಗುತ್ತದೆ. ಅಲ್ಲಿ ‘ಬಿಜಿ ವಿತ್ ವರ್ಕ್’ ಆಗಬೇಕು.

ಬಾಯಿಗೆ ಬರುವಾಗ

ಬರವಣಿಗೆಯಲ್ಲಿ ಇ, ಎನ್, ಜಿ, ಆರ್, ಓ, ಎಸ್, ಎಸ್. ಮೊದಲ ಭಾಗವನ್ನು ‘ಎನ್’ ಎಂದರೂ ಸರಿ, ‘ಇನ್’ ಎಂದರೂ ಸರಿ. ಒತ್ತು ಬೀಳಬೇಕಾದದ್ದು ‘ಗ್ರೋಸ್’ ಮೇಲೆ. ಅದನ್ನು ‘ಕ್ರಾಸ್’ ಎನ್ನುವ ಹಾಗೆ ‘ಗ್ರಾಸ್’ ಎನ್ನಬೇಡಿ. ಮಾತ್ರೆಯ ‘ಡೋಸ್’ ಜೊತೆ ಪ್ರಾಸ ಕೂಡಿಸಿ. ಕೊನೆಯ ‘ಇಡಿ’ಯನ್ನು ಬಿಡಿಸಿ ‘ಗ್ರೋಸೆಡ್’ ಎಂದರೆ ಕಿವಿಗೆ ಕುಟುಕುತ್ತದೆ. ‘ಸ್’ ಆದ ಮೇಲೆ ಅದು ಬರೀ ‘ಟ್’ ಆಗುತ್ತದೆ: ಗ್ರೋಸ್ಟ್.

‘ಎಷ್ಟು ಮಗ್ನ ಅಂದರೆ…’

ಕಲಿಯಬೇಕಾದ ಒಂದೇ ಒಂದು ಅಚ್ಚು ಯಾವುದು ಎಂದು ಯಾರಾದರೂ ಕೇಳಿದರೆ ಹೇಳಬೇಕಾದದ್ದು ಇದನ್ನು: ‘ಸೋ ಎನ್‌ಗ್ರೋಸ್ಟ್ ಇನ್ … ದ್ಯಾಟ್ …’. ಮೊದಲ ಖಾಲಿಯಲ್ಲಿ ಹಿಡಿದಿಟ್ಟ ವಿಷಯ, ಎರಡನೆಯದರಲ್ಲಿ ಗಮನಕ್ಕೆ ಬಾರದೆ ತಪ್ಪಿಹೋದ ಸಂಗತಿ.

ಶಿಡ್ಲಘಟ್ಟದ ಒಂದು ಬಿಚ್ಚಾಣಿಕೆ ಮನೆ ಎಂದುಕೊಳ್ಳಿ. ಬಿಸಿನೀರಿನಲ್ಲಿ ರೇಷ್ಮೆಗೂಡುಗಳು ತೇಲುತ್ತಿವೆ. ಮುಂದೆ ಕೂತ ಹೆಂಗಸು ಬೆರಳಿನಲ್ಲಿ ಎಳೆಯ ತುದಿ ಹುಡುಕಿ ಎತ್ತುತ್ತಾಳೆ, ಓಡುತ್ತಿರುವ ನೂಲಿಗೆ ತಗುಲಿಸುತ್ತಾಳೆ. ಹಲವು ಗೂಡುಗಳ ಎಳೆ ಕೂಡಿ ಒಂದು ನೂಲು. ಒಂದು ಗೂಡು ಬರಿದಾಗಿ ಎಳೆ ಕಡಿದರೆ ತಡಮಾಡದೆ ಇನ್ನೊಂದನ್ನು ಸೇರಿಸಬೇಕು, ಇಲ್ಲವಾದರೆ ಅಷ್ಟು ದೂರ ನೂಲು ತೆಳ್ಳಗಾಗುತ್ತದೆ. ಕಣ್ಣು ನೀರಿನ ಮೇಲೆ, ಬೆರಳು ಎಳೆಯ ಮೇಲೆ. ಬಾಗಿಲಿಗೆ ಯಾರು ಬಂದು ನಿಂತರೂ ಅವಳಿಗೆ ತಿಳಿಯುವುದಿಲ್ಲ. ‘ಶಿ ವಾಸ್ ಸೋ ಎನ್‌ಗ್ರೋಸ್ಟ್ ಇನ್ ಹರ್ ವರ್ಕ್ ದ್ಯಾಟ್ ಶಿ ಡಿಡ್ ನಾಟ್ ನೋಟಿಸ್ ಅಸ್.’

ಈಗ ಅದೇ ಜಾಗದಲ್ಲಿ ಅದೇ ಹೆಂಗಸು, ಆದರೆ ಸಂಘದ ಸಾಲದ ಕಂತು ನಾಳೆ ಕಟ್ಟಬೇಕು. ಕೈ ಅಭ್ಯಾಸಬಲದಿಂದ ಓಡುತ್ತಿದೆ, ಎಳೆ ಕಡಿದದ್ದು ಮಾತ್ರ ಕಣ್ಣಿಗೆ ಬೀಳಲಿಲ್ಲ. ಪಕ್ಕದವಳು ‘ಏನಕ್ಕ, ಯಾವ ಲೋಕದಲ್ಲಿದ್ದೀಯ?’ ಎನ್ನುತ್ತಾಳೆ. ಇದು ‘ಎನ್‌ಗ್ರೋಸ್ಟ್’ ಆಗಲಾರದು. ಇದಕ್ಕೆ ‘ಪ್ರಿಆಕ್ಯುಪೈಡ್’ ಎಂಬ ಪದವಿದೆ. ಮುಂದಿರುವ ಕೆಲಸ ಗಮನವನ್ನು ಕೊಳ್ಳಲು ಬರುವ ಮೊದಲೇ ಬೇರೊಂದು ಚಿಂತೆ ಬಂದು ಕೂತಿದೆ. ಚಿಂತಾಮಣಿ ಬಸ್ಸಿಗೆ ಹತ್ತುವಷ್ಟರಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದಿರುತ್ತಾರಲ್ಲ, ಥೇಟ್ ಹಾಗೆ. ‘ಪ್ರಿ’ ಅಂದರೆ ಮೊದಲೇ, ‘ಆಕ್ಯುಪೈ’ ಅಂದರೆ ಜಾಗ ಹಿಡಿ. ಇದರ ಮುಂದೆ ಬರುವುದು ‘ವಿತ್’: ‘ಶಿ ವಾಸ್ ಪ್ರಿಆಕ್ಯುಪೈಡ್ ವಿತ್ ದ ಲೋನ್.’ ಕನ್ನಡದಲ್ಲಿ ‘ಸಾಲದ ಚಿಂತೆಯಲ್ಲಿ’ ಇದೆ ಎಂದು ‘ಇನ್’ ಹಾಕಿಬಿಡಬೇಡಿ.

ಈ ಎರಡು ಪದಗಳನ್ನು ಬೇರ್ಪಡಿಸಲು ಒಂದು ಪ್ರಶ್ನೆ ಸಾಕು: ಮನಸ್ಸು ಕೈಯಲ್ಲಿರುವ ಕೆಲಸದ ಮೇಲಿದೆಯೋ, ಕೈಬಿಟ್ಟು ಬೇರೆಲ್ಲೋ ಇದೆಯೋ? ‘ಯಾವ ಧ್ಯಾನದಲ್ಲಿದ್ದೀಯಪ್ಪ?’ ಎಂದು ಮನೆಯಲ್ಲಿ ಗದರುವಾಗ ನಾವು ಹೇಳುವುದೆಲ್ಲ ‘ಪ್ರಿಆಕ್ಯುಪೈಡ್’ ಕಡೆಯದು. ‘ಕರೆದರೂ ಕೇಳಲ್ಲ, ಅದರಲ್ಲೇ ಮುಳುಗಿಹೋಗಿದ್ದಾನೆ’ ಎನ್ನುವುದು ‘ಎನ್‌ಗ್ರೋಸ್ಟ್’ ಕಡೆಯದು.

ಉಳಿದ ಅಣ್ಣತಮ್ಮಂದಿರು

‘ಅಬ್ಸಾರ್ಬ್’ ಬೇರು ಹೀರುವುದು. ‘ಅಬ್ಸಾರ್ಬ್ಡ್ ಇನ್’ ಬಹುಪಾಲು ‘ಎನ್‌ಗ್ರೋಸ್ಟ್ ಇನ್’ ಜಾಗದಲ್ಲೇ ಕೂರುತ್ತದೆ, ಸ್ವಲ್ಪ ಶಾಂತ. ಪ್ರಾರ್ಥನೆ, ಧ್ಯಾನ, ಆಲೋಚನೆಗೆ ಇದೇ ಹೆಚ್ಚು ಒಪ್ಪುತ್ತದೆ. ಕೈವಾರದಲ್ಲಿ ತತ್ವಪದ ಕೇಳುತ್ತಾ ಕಣ್ಣುಮುಚ್ಚಿ ಕೂತವರಿಗೆ ‘ಅಬ್ಸಾರ್ಬ್ಡ್’ ಎನ್ನಿ. ಒಂದು ಎಚ್ಚರಿಕೆ ಮಾತ್ರ ಬಹಳ ಮುಖ್ಯ: ಈ ಕ್ರಿಯಾಪದಕ್ಕೆ ಎರಡೂ ಕಡೆ ಬಾಗಿಲಿದೆ. ‘ದ ಲೆಸನ್ ಅಬ್ಸಾರ್ಬ್ಡ್ ಮಿ’ ಎಂದರೆ ಪಾಠ ನನ್ನನ್ನು ಹಿಡಿದಿಟ್ಟಿತು. ‘ಐ ಅಬ್ಸಾರ್ಬ್ಡ್ ದ ಲೆಸನ್’ ಎಂದರೆ ಪಾಠವನ್ನು ನಾನು ಮನಸ್ಸಿಗೆ ತೆಗೆದುಕೊಂಡೆ, ಮೈಗೂಡಿಸಿಕೊಂಡೆ. ‘ಎನ್‌ಗ್ರೋಸ್’ಗೆ ಈ ಎರಡನೆಯ ಬಾಗಿಲು ಇಲ್ಲ. ‘ಐ ಎನ್‌ಗ್ರೋಸ್ಟ್ ದ ಲೆಸನ್’ ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ.

‘ಇಮರ್ಸ್’ ಎಂದರೆ ಮುಳುಗಿಸು. ಇದರಲ್ಲಿ ಮನುಷ್ಯ ಬೇಕೆಂದೇ ಇಳಿಯುತ್ತಾನೆ, ಅದಕ್ಕೇ ‘ತನ್ನನ್ನು ತಾನು’ ಜೊತೆಗೂಡುತ್ತದೆ: ‘ಹಿ ಇಮರ್ಸ್ಡ್ ಹಿಮ್‌ಸೆಲ್ಫ್ ಇನ್ ಮ್ಯೂಸಿಕ್.’ ಪರೀಕ್ಷೆಗೆ ಮೂರು ತಿಂಗಳು ಮುಂಚಿನಿಂದ ಬೇರೆ ಎಲ್ಲ ಬಿಟ್ಟು ಓದಿಗೆ ಇಳಿದವಳಿಗೆ ‘ಇಮರ್ಸ್ಡ್’ ಸರಿ. ಇವತ್ತು ಸಂಜೆ ಒಂದು ಲೆಕ್ಕದ ಹಿಂದೆ ಬಿದ್ದು ಊಟ ಮರೆತವಳಿಗೆ ‘ಎನ್‌ಗ್ರೋಸ್ಟ್’ ಸರಿ.

‘ಅಬ್ಸೆಸ್’ ಲ್ಯಾಟಿನ್ನಿನ ಮುತ್ತಿಗೆ ಹಾಕುವ ಪದದಿಂದ ಬಂದದ್ದು. ಬಿಡದೆ ಕಾಡುವುದು, ತಲೆಗೆ ಹತ್ತಿಕೊಳ್ಳುವುದು, ನಮ್ಮ ಮಾತಿನಲ್ಲಿ ‘ಹುಚ್ಚು ಹಿಡಿದಿದೆ’. ಮುಂದೆ ‘ವಿತ್’. ಹೊಗಳಲು ಹೊರಟು ‘ಅಬ್ಸೆಸ್ಡ್’ ಎಂದರೆ ಕೆಲವು ಕಡೆ ದೂರಿನಂತೆ ಕೇಳಿಸೀತು, ಆದ್ದರಿಂದ ಅರ್ಜಿಯಲ್ಲಿ, ಬಯೋಡೇಟಾದಲ್ಲಿ ಬೇಡ.

ಬಾಗೇಪಲ್ಲಿ, ಮುಳಬಾಗಿಲು, ಪಾವಗಡ ಕಡೆಯ ಎಷ್ಟೋ ಮನೆಗಳಲ್ಲಿ ತೆಲುಗು ನಡೆಯುತ್ತದೆ. ತೆಲುಗಿನ ‘ಮುನಿಗಿಪೋಯಾಡು’ ಕೂಡ ನಮ್ಮ ‘ಮುಳುಗಿಹೋದ’ನಂತೆ ನೀರಿನ ಚಿತ್ರವೇ, ಅಲ್ಲೂ ಮುಳುಗುವವನೇ ಕರ್ತೃ. ಹಾಗಾಗಿ ಎರಡು ಭಾಷೆ ಬಲ್ಲವರಿಗೂ ಇಂಗ್ಲಿಷಿನ ಈ ಸಗಟು ಲೆಕ್ಕ ಹೊಸದೇ.

ಮುಳುಗಿದ್ದೆಲ್ಲ ‘ಎನ್‌ಗ್ರೋಸ್ಟ್’ ಆಗದು

ಕನ್ನಡದ ‘ಮುಳುಗು’ ಬಹಳ ಉದಾರಿ ಪದ. ಸಾಲದಲ್ಲಿ ಮುಳುಗುತ್ತೇವೆ, ದುಃಖದಲ್ಲಿ ಮುಳುಗುತ್ತೇವೆ, ನಿದ್ದೆಯಲ್ಲೂ ಮುಳುಗುತ್ತೇವೆ. ಇವು ಯಾವುದಕ್ಕೂ ‘ಎನ್‌ಗ್ರೋಸ್ಟ್’ ಸಲ್ಲದು. ‘ಎನ್‌ಗ್ರೋಸ್ಟ್’ ಆಗಬೇಕಾದರೆ ಎಚ್ಚರವಿರಬೇಕು, ಆಸಕ್ತಿ ಇರಬೇಕು, ಗಮನ ತಾನಾಗಿ ಹೋಗಿ ನಿಂತಿರಬೇಕು. ಸಾಲಕ್ಕೆ ‘ಡ್ರೌನಿಂಗ್ ಇನ್ ಡೆಟ್’, ನಿದ್ದೆಗೆ ‘ಫಾಸ್ಟ್ ಅಸ್ಲೀಪ್’, ದುಃಖಕ್ಕೆ ‘ಸಂಕ್ ಇನ್ ಗ್ರೀಫ್’. ಜ್ವರ ಬಂದು ಮಲಗಿದ್ದಕ್ಕೆ ರಜಾ ಅರ್ಜಿಯಲ್ಲಿ ‘ಎನ್‌ಗ್ರೋಸ್ಟ್ ವಿತ್ ಫೀವರ್’ ಎಂದು ಬರೆಯುವುದೂ ತಪ್ಪು. ‘ಡೌನ್ ವಿತ್ ಫೀವರ್’ ಅನ್ನಿ.

ಮಾತಿನಲ್ಲಿ ಈ ಪದ ಸ್ವಲ್ಪ ಇಸ್ತ್ರಿ ಹಾಕಿದ ಬಟ್ಟೆಯಂತೆ. ಸ್ನೇಹಿತರ ನಡುವೆ ‘ಲಾಸ್ಟ್ ಇನ್’, ‘ಕಾಟ್ ಅಪ್ ಇನ್’, ‘ಗ್ಲೂಡ್ ಟು’ ಹಗುರಾಗಿ ಹೋಗುತ್ತವೆ: ‘ಹಿ ಈಸ್ ಗ್ಲೂಡ್ ಟು ಹಿಸ್ ಫೋನ್.’ ಪ್ರಬಂಧ, ವರದಿ, ಸಂದರ್ಶನಕ್ಕೆ ‘ಎನ್‌ಗ್ರೋಸ್ಟ್’ ಚೆನ್ನಾಗಿ ಕೂರುತ್ತದೆ. ಒತ್ತು ಬೇಕಾದರೆ ಪದಕ್ಕೆ ಮೊದಲು ‘ಡೀಪ್ಲಿ’, ‘ಕಂಪ್ಲೀಟ್ಲಿ’, ‘ಟೋಟಲಿ’ ಹಾಕಿ. ‘ವೆರಿ’ಯನ್ನು ದೂರವಿಡಿ, ಲಾಟ್ ಪೂರ್ತಿ ಹೋದ ಮೇಲೆ ‘ಬಹಳ ಪೂರ್ತಿ’ ಎಂಬುದಿಲ್ಲವಲ್ಲ.

ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಕಂಡರೆ

ಕರಾರು, ಕ್ರಯಪತ್ರಗಳ ಇಂಗ್ಲಿಷ್ ಕರಡಿನಲ್ಲಿ ‘ಎನ್‌ಗ್ರೋಸ್ಟ್ ಆನ್ ಸ್ಟ್ಯಾಂಪ್ ಪೇಪರ್’ ಎಂಬ ಮಾತು ಸಿಗುತ್ತದೆ. ಅಲ್ಲಿ ಮನಸ್ಸಿನ ಮಾತೇ ಇಲ್ಲ. ಕರಡು ಒಪ್ಪಿಗೆಯಾದ ಮೇಲೆ ಛಾಪಾಕಾಗದದ ಮೇಲೆ ಅಂತಿಮ ಪ್ರತಿ ಬರೆಯುವುದು ಎಂದರ್ಥ. ಹಿಂದೆ ಈ ಅಂತಿಮ ಪ್ರತಿಯನ್ನು ದೊಡ್ಡಕ್ಷರದಲ್ಲಿ ಬರೆಯುತ್ತಿದ್ದರು, ‘ಗ್ರೋಸ್’ ಎಂದರೆ ದಪ್ಪ ಎಂಬ ಅರ್ಥವೂ ಇದೆ. ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ಹೀಗೆ ಚರ್ಮದ ಹಾಳೆಯ ಮೇಲೆ ‘ಎನ್‌ಗ್ರೋಸ್’ ಮಾಡಿಸಲು ಅಲ್ಲಿನ ಕಾಂಗ್ರೆಸ್ 1776ರ ಜುಲೈ 19ರಂದು ಹೇಳಿತು, ಆಗಸ್ಟ್ 2ರಿಂದ ಅದಕ್ಕೆ ಸಹಿಗಳು ಬಿದ್ದವು. ಈ ಅರ್ಥದಲ್ಲಿ ಮುಂದೆ ಬರುವುದು ‘ಆನ್’. ಪತ್ರದಲ್ಲಿ ಅದನ್ನು ಕಂಡು ‘ಇನ್’ ಎಂದು ತಿದ್ದಲು ಹೋಗಬೇಡಿ.

ಕೈಗೆ ಹತ್ತಿಸಿಕೊಳ್ಳಲು

ದಿನಕ್ಕೆ ಎರಡು ವಾಕ್ಯ, ಒಂದು ವಾರ. ಎರಡಕ್ಕೂ ವಿಷಯ ಒಂದೇ ಇರಲಿ. ಮೊದಲನೆಯದರಲ್ಲಿ ವಸ್ತು ಕರ್ತೃ, ಎರಡನೆಯದರಲ್ಲಿ ಮನುಷ್ಯ ಕರ್ತೃ. ಉದಾಹರಣೆಗೆ: ‘ದ ಆಕ್ಷನ್ ಎನ್‌ಗ್ರೋಸ್ಟ್ ದ ಬಯರ್ಸ್.’ ‘ದ ಬಯರ್ಸ್ ವರ್ ಎನ್‌ಗ್ರೋಸ್ಟ್ ಇನ್ ದ ಆಕ್ಷನ್.’ ಬರೆದ ಮೇಲೆ ಮೂರು ಕಡೆ ಬೆರಳಿಡಿ: ಮನುಷ್ಯ ಕರ್ತೃವಾಗಿದ್ದರೆ ‘ಈಸ್’, ‘ವಾಸ್’, ‘ವರ್’, ‘ಗಾಟ್’ನಂಥದ್ದು ಒಂದು ಇದೆಯೇ, ಮನುಷ್ಯನಿಗೆ ತಪ್ಪಿ ‘ಇಂಗ್’ ಅಂಟಿದೆಯೇ, ಮುಂದೆ ‘ಇನ್’ ಇದೆಯೇ. ನಿಯಮ ಬಾಯಿಪಾಠ ಮಾಡುವುದಕ್ಕಿಂತ ಈ ಜೋಡಿವಾಕ್ಯದ ಅಭ್ಯಾಸ ಬೇಗ ಕೈಹಿಡಿಯುತ್ತದೆ, ಏಕೆಂದರೆ ಕರ್ತೃ ಅದಲುಬದಲಾಗುವುದು ಕಣ್ಣೆದುರೇ ನಡೆಯುತ್ತದೆ.

ಇವನ್ನು ಈಗಲೇ ತಿರುಗಿಸಿ ನೋಡಿ. ‘ತಾತ ಪೇಪರ್ ಓದುವುದರಲ್ಲಿ ಮುಳುಗಿದ್ದಾರೆ.’ ‘ತಿಪಟೂರಿನವರೆಗೂ ಅವಳು ಏನೋ ಯೋಚನೆಯಲ್ಲಿದ್ದಳು, ನಾನು ಹೇಳಿದ್ದು ಕೇಳಲೇ ಇಲ್ಲ.’ ‘ಮಕ್ಕಳು ಆಟದಲ್ಲಿ ಎಷ್ಟು ಮೈಮರೆತರೆಂದರೆ ಕತ್ತಲಾದದ್ದು ಗೊತ್ತಾಗಲಿಲ್ಲ.’

ಮೊದಲನೆಯದು ‘ಗ್ರ್ಯಾಂಡ್‌ಫಾದರ್ ಈಸ್ ಎನ್‌ಗ್ರೋಸ್ಟ್ ಇನ್ ರೀಡಿಂಗ್ ದ ಪೇಪರ್’. ‘ಇನ್ ದ ಪೇಪರ್’ ಎಂದರೆ ಇನ್ನೂ ಚೊಕ್ಕ. ಮೂರನೆಯದು ‘ದ ಚಿಲ್ಡ್ರನ್ ಗಾಟ್ ಸೋ ಎನ್‌ಗ್ರೋಸ್ಟ್ ಇನ್ ದ ಗೇಮ್ ದ್ಯಾಟ್ ದೇ ಡಿಡ್ ನಾಟ್ ನೋಟಿಸ್ ಇಟ್ ವಾಸ್ ಡಾರ್ಕ್’. ಎರಡನೆಯದರಲ್ಲಿ ‘ಎನ್‌ಗ್ರೋಸ್ಟ್’ ಬರೆದಿದ್ದರೆ ಹೊಡೆದುಹಾಕಿ. ಅವಳ ಪಕ್ಕದ ಸೀಟಿನಲ್ಲಿ ನೀವಿದ್ದಿರಿ, ಮನಸ್ಸಿನ ಸೀಟಿಗೆ ಮಾತ್ರ ಯಾರೋ ಮೊದಲೇ ಟವೆಲ್ ಹಾಕಿದ್ದರು: ‘ಶಿ ವಾಸ್ ಪ್ರಿಆಕ್ಯುಪೈಡ್ ಆಲ್ ದ ವೇ ಟು ತಿಪಟೂರ್ ಆಂಡ್ ಡಿಡ್ ನಾಟ್ ಹಿಯರ್ ವಾಟ್ ಐ ಸೆಡ್.’